ಇಂಗ್ಲಿಷೂ ಒಂದು ಕಾಲಕ್ಕೆ ಹಳ್ಳಿಯ ಮಾತು

ಬಸವಕಲ್ಯಾಣದಿಂದ ಭಾಲ್ಕಿಯ ಕಡೆಗೆ ಹೊರಟ ಬಸ್ಸು ಹೊಲಗಳ ನಡುವೆ ಸಾಗುತ್ತದೆ. ಮುಂಗಾರಿನಲ್ಲಿ ಬಂದರೆ ಎರಡೂ ಕಡೆ ಸೋಯಾ, ಉದ್ದು, ತೊಗರಿ. ಹಿಂಗಾರಿನಲ್ಲಿ ಬಂದರೆ ಜೋಳ, ಕಡಲೆ. ಈ ದಾರಿಯಲ್ಲಿ ಸಿಗುವ ದೊಡ್ಡ ಊರು ಹುಲಸೂರ. ಬಹುಕಾಲ ಬಸವಕಲ್ಯಾಣ ತಾಲ್ಲೂಕಿನೊಳಗೇ ಇದ್ದ ಈ ಊರು, 2017–18ರ ರಾಜ್ಯ ಆಯವ್ಯಯದಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಒಂದು. ಇಲ್ಲಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ತೆಲಂಗಾಣವೂ ಇದೇ ಜಿಲ್ಲೆಯ ಇನ್ನೊಂದು ಮಗ್ಗುಲಿಗಿದೆ. ಜಿಲ್ಲೆಯನ್ನು ಹಾದುಹೋಗುವ ಮಾಂಜ್ರಾ ನದಿ ಮುಂದೆ ಗೋದಾವರಿಯನ್ನು ಸೇರುತ್ತದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡೇ ಕನ್ನಡನಾಡು ಎಂದು ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಹೇಳಿತಲ್ಲ, ಆ ನಾಡಿನ ಉತ್ತರದ ಅಂಚಿನ ಸೀಮೆ ಇದು.

ಬಸ್ಸಿಳಿದು ಐದು ನಿಮಿಷ ಸುಮ್ಮನೆ ನಿಂತು ಕೇಳಿದರೆ ಸಾಕು. ಯಾರೋ ಹಿರಿಯರು ಪಕ್ಕದವರಿಗೆ ಹೇಳುತ್ತಿರುತ್ತಾರೆ: ‘ದವಾಖಾನ್ಯಾಗ ಡಾಕ್ಟರ್ ಇಲ್ಲ ನೋಡ್ರಿ, ಇವತ್ತ ಸೂಟಿ ಅದ.’ ಕೇಳಿದವರು ಗೋಣು ಹಾಕಿ ಮುಂದೆ ನಡೆಯುತ್ತಾರೆ. ಈ ಪುಟ್ಟ ಮಾತಿನಲ್ಲಿ ಎಷ್ಟು ಭಾಷೆಗಳಿವೆ? ‘ದವಾ’ ಅರಬ್ಬಿ, ‘ಖಾನೆ’ ಪಾರಸಿ. ‘ಡಾಕ್ಟರ್’ ಇಂಗ್ಲಿಷ್; ಅದರ ಬೇರು ಕಲಿಸುವುದು ಎಂಬ ಅರ್ಥದ ಲ್ಯಾಟಿನ್ ಪದ. ‘ಸೂಟಿ’ ಮರಾಠಿ. ಉಳಿದ ‘ಇಲ್ಲ’, ‘ನೋಡ್ರಿ’, ‘ಇವತ್ತ’, ‘ಅದ’ ಹಾಗೂ ದವಾಖಾನೆಗೆ ಅಂಟಿಕೊಂಡ ಸಪ್ತಮಿ ವಿಭಕ್ತಿಯ ‘-ಆಗ’, ಇವೆಲ್ಲ ಕನ್ನಡ. ಹೆಸರುಪದಗಳು ಊರೂರಿನಿಂದ ಬಂದಿವೆ. ಅವನ್ನು ಹಿಡಿದು ವಾಕ್ಯ ಮಾಡಿರುವ ಚೌಕಟ್ಟು ಮಾತ್ರ ಅಪ್ಪಟ ಕನ್ನಡ.

ಇದೇ ಊರಿನಂಥ ಊರುಗಳ ಶಾಲೆಗಳಲ್ಲಿ ಇನ್ನೊಂದು ದೃಶ್ಯ ಕಾಣಸಿಗುತ್ತದೆ. ಇಂಗ್ಲಿಷ್ ತಾಸು. ಮಗುವೊಂದು ಎದ್ದುನಿಂತು ಎನ್, ಎ, ಎಂ, ಇ ಎಂದು ಅಕ್ಷರ ಕೂಡಿಸಿ ‘ನಾಮೆ’ ಎಂದು ಓದುತ್ತದೆ. ತರಗತಿ ನಗುತ್ತದೆ. ‘ನೇಮ್’ ಎನ್ನಬೇಕು ಎಂದು ತಿದ್ದಲಾಗುತ್ತದೆ. ಮುಂದಿನ ಪುಟದಲ್ಲಿ ‘ನೈಫ್’ ಎಂಬ ಪದ. ಮಗು ಮೊದಲಿನ ಕೆ ಅಕ್ಷರವನ್ನು ಬಿಡದೆ ‘ಕ್ನೈಫ್’ ಎನ್ನುತ್ತದೆ. ಮತ್ತೆ ನಗು. ಮೂರನೆಯ ಸಲ ಅದು ಬಾಯಿ ತೆರೆಯುವುದಿಲ್ಲ. ಮನೆಯಲ್ಲಿ ಅಪ್ಪ ಅವ್ವ ಚಿಂತೆ ಮಾಡುತ್ತಾರೆ: ನಮ್ಮದು ಹಳ್ಳಿಯ ಮಾತು, ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು?

ಈ ಚಿಂತೆಗೆ ಉತ್ತರ ಇಂಗ್ಲಿಷ್ ಭಾಷೆಯ ಚರಿತ್ರೆಯಲ್ಲೇ ಇದೆ. ಆ ಚರಿತ್ರೆಯನ್ನು ಅರಿಯಲು ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ಹುಲಸೂರ, ಬಸವಕಲ್ಯಾಣ, ಹುಮನಾಬಾದ, ಬೀದರ, ಭಾಲ್ಕಿ ಇಷ್ಟನ್ನು ಸುತ್ತಿ ಬಂದರೆ ಸಾಕು.

ಕಲ್ಯಾಣದ ಅರಮನೆ, ಇಂಗ್ಲೆಂಡಿನ ಅರಮನೆ

ಬಸವಕಲ್ಯಾಣದ ಕೋಟೆಯಲ್ಲಿ ಇಂದು ಕಣ್ಣಿಗೆ ಬೀಳುವ ಕಟ್ಟಡಗಳಲ್ಲಿ ಬಹಮನಿ ಕಾಲದವು ಮತ್ತು ಆಮೇಲಿನವೇ ಹೆಚ್ಚು. ಆದರೆ ಹನ್ನೊಂದನೆಯ ಶತಮಾನದಲ್ಲಿ ಈ ಊರು ಚಾಲುಕ್ಯರ ರಾಜಧಾನಿ. ರಾಜಧಾನಿಯನ್ನು ಇಲ್ಲಿಗೆ ತಂದವನು ಒಂದನೆಯ ಸೋಮೇಶ್ವರ; ಅವನ ಆಳ್ವಿಕೆ 1042ರಿಂದ 1068ರವರೆಗೆ. ಈ ಇಸವಿಗಳನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಸೋಮೇಶ್ವರ ಇಲ್ಲಿ ಸಿಂಹಾಸನದ ಮೇಲಿದ್ದಾಗಲೇ, 1066ರಲ್ಲಿ, ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಎಂಬ ಡ್ಯೂಕ್ ಸಮುದ್ರ ದಾಟಿ ಇಂಗ್ಲೆಂಡನ್ನು ಗೆದ್ದುಕೊಂಡ.

ಆ ಹೊತ್ತಿಗೆ ಇಂಗ್ಲಿಷಿಗೆ ಆರುನೂರು ವರ್ಷ ವಯಸ್ಸಾಗಿತ್ತು. ಐದನೆಯ ಶತಮಾನದಿಂದ ಆಂಗ್ಲರು, ಸ್ಯಾಕ್ಸನ್ನರು, ಜೂಟರು ಎಂಬ ಜನ ಇಂದಿನ ಜರ್ಮನಿ, ಡೆನ್ಮಾರ್ಕಿನ ಕಡಲತೀರಗಳಿಂದ ಬಂದು ಬ್ರಿಟನ್ ದ್ವೀಪದಲ್ಲಿ ನೆಲೆಸಿದ್ದರು. ಅವರ ಮಾತೇ ಹಳೆಯ ಇಂಗ್ಲಿಷ್. ವಿಲಿಯಂ ಗೆದ್ದ ಮೇಲೆ ಅರಮನೆ, ನ್ಯಾಯಾಲಯ, ದೊಡ್ಡವರ ಮನೆ ಎಲ್ಲೆಡೆ ಫ್ರೆಂಚ್ ನುಡಿ ಬಂದಿತು. ಚರ್ಚಿನ ಮತ್ತು ದಫ್ತರದ ಬರವಣಿಗೆಗೆ ಲ್ಯಾಟಿನ್. 1086ರಲ್ಲಿ ಇಡೀ ದೇಶದ ಜಮೀನು ಲೆಕ್ಕ ಹಾಕಿ ಬರೆಸಿದ ‘ಡೂಮ್ಸ್‌ಡೇ’ ಪುಸ್ತಕವೂ ಲ್ಯಾಟಿನ್ನಿನಲ್ಲೇ ಇದೆ. ಇಂಗ್ಲಿಷ್ ಉಳಿದದ್ದು ಹೊಲದಲ್ಲಿ, ದನದ ಕೊಟ್ಟಿಗೆಯಲ್ಲಿ, ಅಡುಗೆಯ ಒಲೆಯ ಮುಂದೆ. ಮುನ್ನೂರು ವರ್ಷಗಳ ಮಟ್ಟಿಗೆ ಇಂಗ್ಲೆಂಡಿನಲ್ಲಿ ಇಂಗ್ಲಿಷೇ ಹಳ್ಳಿಯ ಮಾತು.

ಇದರ ಗುರುತು ಇಂದಿಗೂ ಆ ಭಾಷೆಯಲ್ಲಿದೆ. ದನ ಸಾಕಿದವನ ಪದ ‘ಕೌ’. ಅದರ ಮಾಂಸ ಊಟಮಾಡಿದ ಒಡೆಯನ ಪದ ‘ಬೀಫ್’. ಕುರಿ ಕಾಯ್ದವನಿಗೆ ಅದು ‘ಶೀಪ್’. ತಟ್ಟೆಗೆ ಬಂದಾಗ ‘ಮಟನ್’. ಮೊದಲಿನವು ಇಂಗ್ಲಿಷ್, ಎರಡನೆಯವು ಫ್ರೆಂಚ್. ‘ಕೋರ್ಟ್’, ‘ಜಡ್ಜ್’, ‘ಟ್ಯಾಕ್ಸ್’, ‘ಗವರ್ನಮೆಂಟ್’, ‘ಪಾರ್ಲಿಮೆಂಟ್’ ಎಲ್ಲವೂ ಆ ಫ್ರೆಂಚ್ ದಾರಿಯಲ್ಲಿ ಬಂದವು.

ಕಲ್ಯಾಣದಲ್ಲಿಯೂ ಪಂಡಿತರ ಭಾಷೆ ಬೇರೆ, ಬೀದಿಯ ಭಾಷೆ ಬೇರೆ ಇತ್ತು. ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಬಿಲ್ಹಣ ‘ವಿಕ್ರಮಾಂಕದೇವಚರಿತ’ವನ್ನು ಬರೆದದ್ದು, ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ರಚಿಸಿದ್ದು ಸಂಸ್ಕೃತದಲ್ಲಿ. ಹುಮನಾಬಾದ ಬಳಿಯ ಜಲಸಂಗಿಯ ಗುಡಿಯ ಗೋಡೆಯ ಮೇಲೆ ಶಾಸನ ಬರೆಯುತ್ತ ನಿಂತ ಕಲ್ಲಿನ ಸುಂದರಿಯೊಬ್ಬಳಿದ್ದಾಳೆ. ಬೆನ್ನು ತಿರುವಿ ನಿಂತು ಅವಳು ಬರೆಯುತ್ತಿರುವುದು ಅದೇ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಅದಾದ ಕೆಲವೇ ದಶಕಗಳಲ್ಲಿ, ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ, ಇದೇ ಕಲ್ಯಾಣದಲ್ಲಿ ಬಸವಣ್ಣನವರು ಮತ್ತು ಅವರೊಂದಿಗಿನ ಶರಣರು ಜನರ ಆಡುಗನ್ನಡದಲ್ಲಿ ವಚನ ನುಡಿದರು. ಅಗಸರು, ಅಂಬಿಗರು, ಹಗ್ಗ ಹೊಸೆಯುವವರು ತಮ್ಮ ಕೆಲಸದ ಮಾತಿನಲ್ಲೇ ದೊಡ್ಡ ವಿಚಾರ ಹೇಳಿದರು.

ಇಂಗ್ಲೆಂಡಿನಲ್ಲಿ ಜನರ ಮಾತು ಮತ್ತೆ ತಲೆಯೆತ್ತಲು ಇನ್ನೂ ಇನ್ನೂರು ವರ್ಷ ಬೇಕಾಯಿತು. 1362ರಲ್ಲಿ ಒಂದು ಕಾನೂನು ಬಂತು: ನ್ಯಾಯಾಲಯದಲ್ಲಿ ಫ್ರೆಂಚ್ ಜನರಿಗೆ ತಿಳಿಯುವುದಿಲ್ಲ, ಆದ್ದರಿಂದ ವಾದವನ್ನು ಇಂಗ್ಲಿಷಿನಲ್ಲಿ ನಡೆಸಬೇಕು. ತಮಾಷೆಯೆಂದರೆ ಆ ಕಾನೂನನ್ನು ಬರೆದದ್ದೂ ಫ್ರೆಂಚಿನಲ್ಲೇ. ಜೆಫ್ರಿ ಚಾಸರ್ ಎಂಬ ಕವಿ ‘ಕ್ಯಾಂಟರ್‌ಬರಿ ಕಥೆಗಳು’ ಎಂಬ ಕೃತಿಯನ್ನು ಇಂಗ್ಲಿಷಿನಲ್ಲಿ ಬರೆದದ್ದು ಹದಿನಾಲ್ಕನೆಯ ಶತಮಾನದ ಕೊನೆಗೆ. ಅವನು ತೀರಿಕೊಂಡದ್ದು 1400ರಲ್ಲಿ. ಹಳ್ಳಿಯ ಮಾತೆಂದು ಮೂಲೆ ಸೇರಿದ್ದ ಭಾಷೆ ಹೀಗೆ ಎದ್ದು ನಿಂತಿತು.

‘ನಾಮೆ’ ಎಂದ ಮಗು ಓದಿದ್ದೇನು?

ಕಲ್ಯಾಣದಿಂದ ಬೀದರಕ್ಕೆ ಬಂದರೆ ಹದಿನೈದನೆಯ ಶತಮಾನ ಎದುರಾಗುತ್ತದೆ. ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಪೂರ್ಣವಾದದ್ದು 1472ರಲ್ಲಿ. ಬಣ್ಣದ ಹೆಂಚುಗಳ ಆ ವಿದ್ಯಾಲಯದ ಒಂದು ಮಿನಾರು ಇಂದಿಗೂ ನಿಂತಿದೆ. ಅದಾಗಿ ನಾಲ್ಕು ವರ್ಷಕ್ಕೆ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಎಂಬಾತ ಲಂಡನ್ ಬಳಿಯ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ನಮ್ಮ ಮಕ್ಕಳು ಇಂಗ್ಲಿಷ್ ಕಾಗುಣಿತದಲ್ಲಿ ತಡವರಿಸುವುದಕ್ಕೂ ಈ ಅಚ್ಚುಕೂಟಕ್ಕೂ ಸಂಬಂಧವಿದೆ.

ಮುದ್ರಣ ಬಂದ ಮೇಲೆ ಪದಗಳ ಬರಹ ನಿಧಾನವಾಗಿ ಗಟ್ಟಿಯಾಗತೊಡಗಿತು. ಆದರೆ ಅದೇ ಕಾಲದಲ್ಲಿ ಜನರ ಬಾಯಲ್ಲಿ ಸ್ವರಗಳು ಸ್ಥಾನ ಬದಲಿಸುತ್ತಿದ್ದವು. ಸುಮಾರು 1400ರಿಂದ 1700ರವರೆಗೆ ನಡೆದ ಈ ಬದಲಾವಣೆಯನ್ನು ಭಾಷಾವಿಜ್ಞಾನಿಗಳು ಮಹಾ ಸ್ವರಪಲ್ಲಟ ಎನ್ನುತ್ತಾರೆ. ‘ಆ’ ಇದ್ದದ್ದು ‘ಏ’ ಆಯಿತು. ‘ಊ’ ಇದ್ದದ್ದು ‘ಔ’ ಆಯಿತು. ‘ಈ’ ಇದ್ದದ್ದು ‘ಐ’ ಆಯಿತು. ಇಂದಿನ ‘ಹೌಸ್’ ಅಂದು ‘ಹೂಸ್’. ಇಂದಿನ ‘ಫೈವ್’ ಅಂದು ‘ಫೀವ’. ನಾಲಿಗೆ ಬದಲಾಯಿತು, ಅಚ್ಚಿನ ಮೊಳೆ ಬದಲಾಗಲಿಲ್ಲ. ಹೀಗಾಗಿ ಇಂದಿನ ಇಂಗ್ಲಿಷ್ ಕಾಗುಣಿತ ಹಲವು ಕಡೆ ಆರುನೂರು ವರ್ಷ ಹಿಂದಿನ ಉಚ್ಚಾರಣೆಯ ದಾಖಲೆ.

ಚಾಸರ್ ಕಾಲದಲ್ಲಿ ‘ನೇಮ್’ ಪದವನ್ನು ‘ನಾಮ’ ಎಂಬುದಕ್ಕೆ ಬಲು ಹತ್ತಿರವಾಗಿ ಉಚ್ಚರಿಸುತ್ತಿದ್ದರು. ಕೊನೆಯ ಇ ಅಕ್ಷರಕ್ಕೂ ಸಣ್ಣ ಧ್ವನಿ ಇತ್ತು. ‘ನೈಫ್’ ಪದದ ಮೊದಲಿನ ‘ಕ್’ ಆಗ ಕೇಳಿಸುತ್ತಿತ್ತು. ‘ನೈಟ್’ ಪದದ ನಡುವೆ ಮೌನವಾಗಿ ಕುಳಿತಿರುವ ಜಿ, ಎಚ್ ಅಕ್ಷರಗಳಿಗೂ ಅಂದು ದನಿಯಿತ್ತು: ಉರ್ದು ಬಲ್ಲವರು ‘ದವಾಖಾನಾ’ ಎನ್ನುವಾಗ ಗಂಟಲಲ್ಲಿ ಹೊರಡಿಸುವ ‘ಖ’ದಂಥ ದನಿ. ಅಂದರೆ ‘ನಾಮೆ’ ಎಂದ ಮಗು ಬುದ್ಧಿಯಿಲ್ಲದೆ ಓದಲಿಲ್ಲ. ಇದ್ದ ಅಕ್ಷರಗಳನ್ನು ಇದ್ದಂತೆ ಓದಿತು. ಚಾಸರ್ ಬಂದು ಕಿಟಕಿಯಲ್ಲಿ ನಿಂತು ಕೇಳಿದ್ದರೆ, ತರಗತಿಯ ಉಳಿದವರಿಗಿಂತ ಆ ಮಗುವಿನ ಓದೇ ಅವನಿಗೆ ಪರಿಚಿತವೆನಿಸುತ್ತಿತ್ತು. ಇಂದು ‘ನೇಮ್’ ಎಂದೇ ಕಲಿಯಬೇಕು, ಅದು ನಿಜ. ಆದರೆ ತಿದ್ದುವ ಮೊದಲು ‘ನೀನು ಓದಿದ್ದಕ್ಕೆ ಕಾರಣ ಇದೆ’ ಎಂದು ಹೇಳಿದರೆ ಮಗು ಮೂರನೆಯ ಸಲವೂ ಬಾಯಿ ತೆರೆಯುತ್ತದೆ.

ಬಾಲ ಕಳೆದುಕೊಂಡ ಪದಗಳು

ಕಾಗುಣಿತದ ನಂತರ ಮಕ್ಕಳನ್ನು ಕಾಡುವುದು ವಾಕ್ಯರಚನೆ. ಇದಕ್ಕೆ ಉದಾಹರಣೆ ಹುಲಸೂರಿನ ಹೊಲದಲ್ಲೇ ಇದೆ. ‘ರೈತ ಹಾವನ್ನು ಕೊಂದ’ ಎನ್ನಿ, ‘ಹಾವನ್ನು ರೈತ ಕೊಂದ’ ಎನ್ನಿ, ಸತ್ತದ್ದು ಹಾವೇ. ‘ಅನ್ನು’ ಎಂಬ ಪ್ರತ್ಯಯ ಹಾವಿನ ಬೆನ್ನಿಗೇ ಇರುವುದರಿಂದ ಅದು ಎಲ್ಲಿ ಹೋದರೂ ಗುರುತು ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ‘ದಿ ಫಾರ್ಮರ್ ಕಿಲ್ಡ್ ದಿ ಸ್ನೇಕ್’ ಎಂದರೆ ಹಾವು ಸತ್ತಿತು. ಫಾರ್ಮರ್ ಮತ್ತು ಸ್ನೇಕ್ ಜಾಗ ಅದಲುಬದಲಾದರೆ ಸತ್ತವನು ರೈತ. ಅಲ್ಲಿ ಅರ್ಥವನ್ನು ಹೊತ್ತಿರುವುದು ಪದ ನಿಂತ ಜಾಗ.

ಇಂಗ್ಲಿಷ್ ಮೊದಲಿಂದಲೂ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ನಮ್ಮಂತೆಯೇ ವಿಭಕ್ತಿ ಪ್ರತ್ಯಯಗಳಿದ್ದವು, ಪದಗಳನ್ನು ಹಿಂದೆಮುಂದೆ ಇಡಲು ಅವಕಾಶವಿತ್ತು, ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತಿದ್ದುದೂ ಉಂಟು. ಆ ಭಾಷೆಯಲ್ಲಿ ಒತ್ತು ಪದದ ಆರಂಭದ ಮೇಲೆ ಬೀಳುತ್ತಿದ್ದುದರಿಂದ ಕೊನೆಯ ಧ್ವನಿಗಳು ಕ್ಷೀಣಿಸುತ್ತ ಬಂದವು. ಇದರ ಜೊತೆಗೆ ಎಂಟನೆಯ ಶತಮಾನದ ಕೊನೆಯಿಂದ ಡೆನ್ಮಾರ್ಕ್, ನಾರ್ವೆ ಕಡೆಯ ವೈಕಿಂಗರು ದಾಳಿ ಮಾಡಿ, ಆಮೇಲೆ ಅಲ್ಲೇ ಹೊಲ ಹಿಡಿದು ನೆಲೆಸಿದರು. ಅವರ ನುಡಿಗೂ ಇಂಗ್ಲಿಷಿಗೂ ಪದಗಳ ಬೇರು ಬಹುಮಟ್ಟಿಗೆ ಒಂದೇ, ಪ್ರತ್ಯಯಗಳು ಬೇರೆ. ನೆರೆಹೊರೆಯಲ್ಲಿ ವ್ಯವಹಾರ ಮಾಡುವಾಗ ಬೇರನ್ನು ಹೇಳಿ ಬಾಲವನ್ನು ನುಂಗುವುದೇ ಸುಲಭ. ಪ್ರತ್ಯಯಗಳು ಸವೆಯಲು ಇದೂ ಒಂದು ಕಾರಣವೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಪ್ರತ್ಯಯ ಹೋದ ಮೇಲೆ ಯಾರು ಯಾರನ್ನು ಕೊಂದರೆಂದು ತಿಳಿಸಲು ಪದಕ್ರಮ ಬಿಗಿಯಾಯಿತು. ‘ಹಿ, ಹಿಮ್, ಹಿಸ್’ ಎಂಬಲ್ಲಿ ಮಾತ್ರ ಹಳೆಯ ವಿಭಕ್ತಿ ಇನ್ನೂ ಉಳಿದಿದೆ. ಅದು ನಮ್ಮ ‘ಅವನು, ಅವನನ್ನು, ಅವನ’ ಇದ್ದ ಹಾಗೆಯೇ.

ವೈಕಿಂಗರು ಕೊಟ್ಟುಹೋದ ಪದಗಳೂ ಸಣ್ಣವಲ್ಲ. ‘ಸ್ಕೈ’, ‘ಎಗ್’, ‘ವಿಂಡೋ’, ‘ಟೇಕ್’, ಕೊನೆಗೆ ‘ದೇ’ ಎಂಬ ಸರ್ವನಾಮ ಸಹ ಅವರದೇ. ಹೊರಗಿನವರಿಂದ ‘ಅವರು’ ಎಂಬ ಪದವನ್ನೇ ಎರವಲು ಪಡೆದ ಭಾಷೆ ಇಂಗ್ಲಿಷ್!

ಸವೆತ ನಮ್ಮಲ್ಲೂ ನಡೆದಿದೆ. ‘ಓದಲಿಕ್ಕೆ ಹತ್ತಿದ್ದೇನೆ’ ಎಂಬುದು ಈ ಭಾಗದ ಬಾಯಲ್ಲಿ ಸವೆದು ‘ಓದ್ಲಾಕತ್ತೀನಿ’ ಆಗಿದೆ. ಇದನ್ನು ಕೇಳಿ ಬೆಂಗಳೂರಿನ ಕಡೆಯವರು ನಕ್ಕರೆ ಬೀದರಿನ ವಿದ್ಯಾರ್ಥಿ ತಲೆ ತಗ್ಗಿಸಬೇಕಾಗಿಲ್ಲ. ಇಂದಿನ ಇಂಗ್ಲಿಷ್ ವ್ಯಾಕರಣ ಇಂಥ ಸವೆತದಿಂದಲೇ ರೂಪ ಪಡೆದಿದೆ.

ಎರಡು ಮನೆತನಗಳ ಗಡಿ

ಹುಲಸೂರಿನ ಸೀಮೆಗೆ ಇನ್ನೊಂದು ವಿಶೇಷವಿದೆ. ಭೂಪಟದ ಗಡಿಯ ಜೊತೆಗೆ ಭಾಷೆಗಳ ಎರಡು ದೊಡ್ಡ ಮನೆತನಗಳ ಗಡಿಯೂ ಇಲ್ಲಿ ಹಾದುಹೋಗುತ್ತದೆ. ಕನ್ನಡ, ತೆಲುಗು ದ್ರಾವಿಡ ಮನೆತನದವು. ಮರಾಠಿ, ಉರ್ದು, ತಾಂಡಾಗಳ ಲಂಬಾಣಿ ಇನ್ನೊಂದು ಮನೆತನದವು. ಸಂಸ್ಕೃತ, ಪಾರಸಿ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಕೂಡ ಅದೇ ಮನೆತನ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲಿ ಸಾರಿದರು. ‘ಮಾತೃ’ ಮತ್ತು ‘ಮದರ್’, ‘ಭ್ರಾತೃ’ ಮತ್ತು ‘ಬ್ರದರ್’, ‘ನಾಮ’ ಮತ್ತು ‘ನೇಮ್’ ಒಂದೇ ಬೇರಿನ ಚಿಗುರುಗಳು. ಎತ್ತಿಗೆ ಇಂಗ್ಲಿಷಿನಲ್ಲಿ ‘ಆಕ್ಸ್’ ಎನ್ನುತ್ತಾರಲ್ಲ, ಅದೂ ಸಂಸ್ಕೃತದ ‘ಉಕ್ಷ’ವೂ ಬಂಧುಗಳು. ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಬೇರೆ ಮನೆತನ ಎಂದು ಮದ್ರಾಸಿನಲ್ಲಿ ಎಲ್ಲಿಸ್ 1816ರಲ್ಲಿ ತೋರಿಸಿದರು. ಕಾಲ್ಡ್‌ವೆಲ್ 1856ರ ತಮ್ಮ ವ್ಯಾಕರಣ ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ವಿವರಿಸಿದರು.

ಮನೆತನ ಬೇರೆಯಾದರೂ ಒಂದೇ ಓಣಿಯಲ್ಲಿ ನೂರಾರು ವರ್ಷ ಬಾಳಿದರೆ ನಡೆನುಡಿ ಒಂದಾಗುತ್ತದೆ. ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬಳಕೆಯಲ್ಲಿದ್ದವು. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಅವುಗಳನ್ನು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದ ಲೇಖನ ಜಗತ್ತಿನ ಭಾಷಾವಿಜ್ಞಾನ ತರಗತಿಗಳಲ್ಲಿ ಪಾಠವಾಗಿದೆ. ಅಲ್ಲಿ ಮೂರು ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ, ಒಂದರ ಪದ ತೆಗೆದು ಇನ್ನೊಂದರ ಪದ ಅದೇ ಜಾಗದಲ್ಲಿ ಇಟ್ಟರೆ ವಾಕ್ಯ ತಯಾರು.

ಹುಲಸೂರಿನ ಮಗು ಇದನ್ನು ತಾನೇ ಪರೀಕ್ಷಿಸಬಹುದು. ಕನ್ನಡ: ‘ನಾಳಿ ನಾ ಊರಿಗಿ ಹೋಗ್ತೀನಿ.’ ಮರಾಠಿ: ‘ಉದ್ಯಾ ಮೀ ಗಾವಾಲಾ ಜಾತೋ.’ ಉರ್ದು: ‘ಕಲ್ ಮೈಂ ಗಾಂವ್ ಕೋ ಜಾತಾ ಹೂಂ.’ ತೆಲುಗು: ‘ರೇಪು ನೇನು ಊರಿಕಿ ಪೋತಾನು.’ ನಾಳೆ, ನಾನು, ಊರು, ಆಮೇಲೆ ‘ಗೆ’, ಕೊನೆಗೆ ಹೋಗುವುದು. ನಾಲ್ಕರಲ್ಲೂ ಒಂದೇ ಸಾಲು. ಇಂಗ್ಲಿಷಿನಲ್ಲಿ: ‘ಟುಮಾರೋ ಐ ವಿಲ್ ಗೋ ಟು ದಿ ವಿಲೇಜ್.’ ಹೋಗುವುದು ಊರಿಗಿಂತ ಮುಂಚೆ ಬಂತು. ‘ಗೆ’ ಎನ್ನುವ ‘ಟು’ ಕೂಡ ಊರಿನ ಮುಂದೆ ನಿಂತಿತು. ಕಷ್ಟವಿರುವುದು ಈ ತಿರುವಿನಲ್ಲಿ. ಇದನ್ನು ಒಮ್ಮೆ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ, ತನ್ನ ತಲೆ ದಡ್ಡಲ್ಲ, ದಾರಿ ಬೇರೆ ಎಂಬುದು ಮಗುವಿಗೆ ಅರ್ಥವಾಗುತ್ತದೆ.

ಕಚೇರಿಯ ಪದ, ಬಜಾರಿನ ಪದ

ನಾರ್ಮನ್ನರು ಬಿಟ್ಟುಹೋದ ಫ್ರೆಂಚಿನಂತೆ ಈ ನಾಡಿನಲ್ಲಿ ಉಳಿದದ್ದು ಪಾರಸಿ ಮತ್ತು ಉರ್ದು. ಬಹಮನಿಗಳಿಂದ ಹಿಡಿದು ನಿಜಾಮರವರೆಗೆ ಆಡಳಿತದ ನುಡಿ ಅವೇ. ಆದ್ದರಿಂದ ಹುಲಸೂರಿನ ರೈತ ಹೊಲದಲ್ಲಿರುವಾಗ ‘ಮಳೆ, ಬಿತ್ತು, ಕಳೆ, ತೆನೆ’ ಎನ್ನುತ್ತಾನೆ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದೊಡನೆ ‘ಜಮೀನು, ಅರ್ಜಿ, ನಕಲು, ಸಹಿ, ತಕರಾರು, ವಕೀಲ’ ಎನ್ನುತ್ತಾನೆ. ಇಂಗ್ಲಿಷಿನ ‘ಕೌ’ ಮತ್ತು ‘ಬೀಫ್’ ಹೇಗೋ ಇದೂ ಹಾಗೆಯೇ. ‘ಕಾನೂನು’ ಪದದ ಪ್ರಯಾಣ ಇನ್ನೂ ದೂರದ್ದು. ಅದು ಗ್ರೀಕಿನಿಂದ ಅರಬ್ಬಿಗೆ, ಅಲ್ಲಿಂದ ಪಾರಸಿಗೆ, ಅಲ್ಲಿಂದ ಕನ್ನಡಕ್ಕೆ ಬಂತು. ಅದೇ ಗ್ರೀಕ್ ಪದ ಪಶ್ಚಿಮಕ್ಕೆ ಹೋಗಿ ಇಂಗ್ಲಿಷಿನಲ್ಲಿ ‘ಕ್ಯಾನನ್’ ಆಯಿತು. ‘ಪಗಾರ’, ‘ಚಾವಿ’ ಎಂಬವು ಪೋರ್ಚುಗೀಸರ ಕಾಣಿಕೆ.

ಇಂಗ್ಲಿಷ್ ಪದಗಳು ಸಹ ಈ ಭಾಗಕ್ಕೆ ಎಷ್ಟೋ ಸಲ ಉರ್ದುವಿನ ಬಾಗಿಲಿನಿಂದಲೇ ಬಂದವು. ಹಳೆಯ ಕಾಲದವರು ‘ಇಸ್ಕೂಲ್’, ‘ಇಸ್ಟೇಷನ್’ ಎನ್ನುವುದನ್ನು ಕೇಳಿ ಮೊಮ್ಮಕ್ಕಳು ನಗುತ್ತಾರೆ. ‘ಸ್’ ಮತ್ತು ಇನ್ನೊಂದು ವ್ಯಂಜನ ಪದದ ಮೊದಲಿಗೇ ಕೂಡಿಬಂದರೆ ಕೆಲವು ಭಾಷೆಗಳ ನಾಲಿಗೆ ಮುಂದೊಂದು ಸ್ವರ ಬಯಸುತ್ತದೆ. ಸ್ಪೇನಿನವರು ಶಾಲೆಗೆ ‘ಎಸ್ಕ್ವೇಲಾ’ ಎನ್ನುವುದು ಇದೇ ಕಾರಣಕ್ಕೆ. ಹಳೆಯ ಫ್ರೆಂಚರೂ ಹಾಗೇ ಮಾಡಿದರು. ಅವರಿಂದ ಪಡೆದ ‘ಎಸ್ಟೇಟ್’ ಪದವನ್ನು ಇಂಗ್ಲಿಷರು ‘ಸ್ಟೇಟ್’ ಪದದ ಪಕ್ಕದಲ್ಲೇ ನಿಘಂಟಿನಲ್ಲಿ ಇಟ್ಟುಕೊಂಡಿದ್ದಾರೆ. ಎರಡಕ್ಕೂ ಮೂಲ ಒಂದೇ ಲ್ಯಾಟಿನ್ ಪದ. ‘ಇಸ್ಟೇಷನ್’ ಎಂದ ಅಜ್ಜನ ಉಚ್ಚಾರಣೆಯ ಹಿಂದೆ ಇಷ್ಟು ದೊಡ್ಡ ವಂಶವಿದೆ.

ಕೊಡುಕೊಳ್ಳುವುದು ಎರಡೂ ಕಡೆಯಿಂದ ನಡೆಯಿತು. ‘ಲೂಟ್’, ‘ಜಂಗಲ್’, ‘ಬಂಗಲೆ’, ‘ಶಾಂಪೂ’, ‘ಪೈಜಾಮ’ ನಮ್ಮ ದೇಶದಿಂದ ಇಂಗ್ಲಿಷಿಗೆ ಹೋದವು. ಅಡಿಕೆಗೆ ಇಂಗ್ಲಿಷರು ಬಳಸುವ ‘ಅರೆಕಾ’ ಪದ ಮಲಯಾಳದ ‘ಅಡಕ್ಕ’ದಿಂದ ಪೋರ್ಚುಗೀಸರ ಮೂಲಕ ಹೋಯಿತು, ಕನ್ನಡದ ‘ಅಡಿಕೆ’ ಅದರ ಒಡಹುಟ್ಟು. ವಿಜ್ಞಾನೇಶ್ವರನ ‘ಮಿತಾಕ್ಷರ’ದ ದಾಯಭಾಗವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ಮೇಲೆ ‘ಮಿತಾಕ್ಷರ’ ಎಂಬುದು ಇಂಗ್ಲಿಷ್ ಕಾನೂನು ಪುಸ್ತಕಗಳ ಪದವೂ ಆಯಿತು. ಹುಲಸೂರಿನ ನೆರೆಯ ಕಲ್ಯಾಣದ ಕಾಲದಿಂದ ಇಂಗ್ಲಿಷ್ ಪಡೆದ ಸಾಲ ಅದು.

ಇಷ್ಟೆಲ್ಲ ಸಾಲ ಪಡೆದೂ ಇಂಗ್ಲಿಷ್ ಇಂಗ್ಲಿಷಾಗಿಯೇ ಹೇಗೆ ಉಳಿಯಿತು? ನಿಘಂಟಿನ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಫ್ರೆಂಚ್ ಮತ್ತು ಲ್ಯಾಟಿನ್ ಮೂಲದವು. ಆದರೆ ‘ಐ, ಯು, ದಿ, ಅಂಡ್, ಆಫ್, ಈಸ್, ನಾಟ್’ನಂಥ ನಿತ್ಯ ಬಳಕೆಯ ಪುಟ್ಟ ಪದಗಳು ಬಹುತೇಕ ಹಳೆಯ ಇಂಗ್ಲಿಷಿನವೇ. ‘ದವಾಖಾನ್ಯಾಗ ಡಾಕ್ಟರ್ ಇಲ್ಲ’ ಎಂಬ ಮಾತನ್ನು ಕನ್ನಡವಾಗಿ ಉಳಿಸಿದ್ದು ಯಾವುದೋ, ಇಂಗ್ಲಿಷನ್ನು ಉಳಿಸಿದ್ದೂ ಅದೇ.

ಹೊರಗೆ ಉರ್ದು, ಒಳಗೆ ಕನ್ನಡ

ಎರವಲು ಪದ ಬಂದರೆ ಭಾಷೆ ಸಾಯುವುದಿಲ್ಲ. ಆದರೆ ಮಕ್ಕಳಿಗೆ ಅದನ್ನು ಕಲಿಸುವುದು ನಿಂತರೆ ಅಪಾಯ. ಈ ಮಾತನ್ನು ಬೀದರ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ನಿಜಾಮರ ಆಡಳಿತದಲ್ಲಿ ಶಾಲೆಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ದೇಶಭಾಷೆಯಲ್ಲಿ ಉನ್ನತ ವಿಜ್ಞಾನ ಹೇಳಬಹುದು ಎಂದು ಅದು ತೋರಿಸಿತು; ಆದರೆ ಕನ್ನಡದ ಮಗುವಿಗೆ ಅದೂ ಪರಭಾಷೆಯೇ. ಆಗ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಈ ಸಂಗತಿಯನ್ನು ಇಲ್ಲಿನ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಉದಗೀರ, ನಿಲಂಗಾ ಮರಾ‌ಠಿಯ ಕಡೆಗೆ, ಜಹೀರಾಬಾದ್ ತೆಲುಗಿನ ಕಡೆಗೆ ಹೋದವು.

ಗಡಿ ಹಾಕಿದರೂ ಭಾಷೆಗಳ ನಂಟು ಮುರಿಯಲಿಲ್ಲ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಓದಿದ್ದು ಮರಾಠಿಯಲ್ಲಿ. ಅವರು ಕನ್ನಡವನ್ನು ಕಷ್ಟಪಟ್ಟು ಕಲಿತು ‘ಸಿದ್ಧರಾಮ ಪುರಾಣ’ ಎಂಬ ಮಹಾಕಾವ್ಯ ಬರೆದರು, ವಚನಗಳನ್ನು ಮರಾಠಿಗೆ ತಂದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ ಅವರು. ತಮ್ಮ ಬಾಳಿನ ಕೊನೆಯ ಕಾಲವನ್ನು ಅವರು ಕಳೆದದ್ದು ಬಸವಕಲ್ಯಾಣದಲ್ಲಿ. ಒಂದು ಭಾಷೆ ಚೆನ್ನಾಗಿ ಬಂದವರಿಗೆ ಇನ್ನೊಂದು ಭಾಷೆ ದಕ್ಕುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ತಂದೆತಾಯಿಗಳಿಗೆ

ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ವೈದ್ಯಕೀಯ, ಎಂಜಿನಿಯರಿಂಗ್, ನ್ಯಾಯಾಲಯ ಎಲ್ಲಕ್ಕೂ ಅದು ಬೇಕು. ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬುದು ಆಯಾ ಮನೆಯ ತೀರ್ಮಾನ. ಆದರೆ ಮನೆಯ ಮಾತನ್ನು ಹೀಗಳೆದು ಇಂಗ್ಲಿಷ್ ಕಲಿಸಲು ಹೊರಟರೆ ಎರಡೂ ಕೈತಪ್ಪುತ್ತವೆ.

ವಿಜ್ಞಾನದ ಪಾಠವನ್ನೇ ನೋಡಿ. ‘ಹೈಡ್ರೋಜನ್’ ಎಂಬ ಪದವನ್ನು ಮಗು ಉರುಹೊಡೆಯುತ್ತದೆ. ಗ್ರೀಕಿನಲ್ಲಿ ‘ಹೈಡ್ರೋ’ ಎಂದರೆ ನೀರು, ‘ಜನ್’ ಎಂದರೆ ಹುಟ್ಟಿಸುವುದು. ಕನ್ನಡದ ‘ಜಲಜನಕ’ ಅದನ್ನೇ ಹೇಳುತ್ತದೆ. ‘ಜನಕ’ದ ‘ಜನ’ ಮತ್ತು ಗ್ರೀಕಿನ ‘ಜನ್’ ಒಂದೇ ಬೇರಿನವು. ‘ಆಕ್ಸಿಜನ್’ ಎಂದರೆ ಆಮ್ಲ ಹುಟ್ಟಿಸುವುದು, ಅಂದರೆ ‘ಆಮ್ಲಜನಕ’. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತದೆಂದು ಹದಿನೆಂಟನೆಯ ಶತಮಾನದಲ್ಲಿ ಲವಾಸಿಯೆ ತಪ್ಪಾಗಿ ನಂಬಿ ಆ ಹೆಸರಿಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹಾಗೆಯೇ ಉಳಿದಿದೆ. ಪದ ಬಿಡಿಸಿ ನೋಡಿದ ಮಗುವಿಗೆ ಇಂಗ್ಲಿಷ್, ಕನ್ನಡ, ರಸಾಯನಶಾಸ್ತ್ರ ಮೂರೂ ಒಟ್ಟಿಗೆ ಸಿಕ್ಕವು.

ಇದಕ್ಕೆ ಟ್ಯೂಷನ್ ಬೇಕಿಲ್ಲ, ಎರಡು ನೂರು ಪುಟದ ಒಂದು ವಹಿ ಸಾಕು. ಮಗು ದಿನಕ್ಕೆ ಐದು ಪದ ಬರೆಯಲಿ: ಒಂದು ಹೊಲದಿಂದ, ಒಂದು ಅಡುಗೆಮನೆಯಿಂದ, ಒಂದು ಬಜಾರಿನಿಂದ, ಒಂದು ಕಚೇರಿಯಿಂದ, ಒಂದು ಇಂಗ್ಲಿಷ್ ಪಾಠದಿಂದ. ಎದುರಿಗೆ ಅದು ಯಾವ ಭಾಷೆಯದೆಂದು ನಿಘಂಟು ನೋಡಿ, ಗುರುಗಳನ್ನು ಕೇಳಿ ಬರೆಯಲಿ. ಅಕ್ಷರ ಬಾರದ ಅಜ್ಜಿಗೆ ಹೊಲದ ಪದಗಳು ಯಾರಿಗಿಂತ ಹೆಚ್ಚು ಗೊತ್ತು, ಅವಳನ್ನೂ ಕೇಳಲಿ. ಒಂದು ವರ್ಷಕ್ಕೆ ಸಾವಿರದ ಎಂಟುನೂರಕ್ಕೂ ಹೆಚ್ಚು ಪದಗಳಾಗುತ್ತವೆ. ಮಗು ತಪ್ಪು ಓದಿದಾಗ ನಗುವವರು ಇದ್ದೇ ಇರುತ್ತಾರೆ. ಮನೆಯವರು ಆ ನಗುವಿಗೆ ಸೇರಬಾರದು, ಅಷ್ಟೆ.

ಸಂಜೆ ಹುಲಸೂರಿನ ನಿಲ್ದಾಣಕ್ಕೆ ಬಸ್ಸು ಬರುತ್ತದೆ. ಶಾಲೆ ಬಿಟ್ಟ ಮಕ್ಕಳು ಓಡಿಬಂದು ಹತ್ತುತ್ತಾರೆ. ಕಂಡಕ್ಟರನೊಡನೆ ಕನ್ನಡ, ಪಕ್ಕದ ಅಜ್ಜಿಯೊಡನೆ ಮರಾಠಿ, ಗೆಳೆಯನೊಡನೆ ಉರ್ದು. ಯಾರೂ ಕಲಿಸದೆ ಮೂರು ಭಾಷೆಗಳನ್ನು ಅವರು ಹೀಗೆ ನಿಭಾಯಿಸುತ್ತಾರೆ. ನಾಲ್ಕನೆಯದು ಅವರ ಚೀಲದಲ್ಲಿ ಪುಸ್ತಕವಾಗಿ ಕುಳಿತಿದೆ. ಅದನ್ನೂ ಇದೇ ಧೈರ್ಯದಿಂದ ಆಡುವ ಹಾಗೆ ಮಾಡುವುದು ಮನೆ ಮತ್ತು ಶಾಲೆಯ ಕೆಲಸ.